ಅಣ್ಣತಮ್ಮಂದಿರಾದರು, ಬೀಗರಾಗಲಿಲ್ಲ

ಕೊಯಮತ್ತೂರಿನಿಂದ ಅವಿನಾಶಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕರುಮತ್ತಂಪಟ್ಟಿ ಸಿಗುತ್ತದೆ. ಸೂಲೂರು ತಾಲ್ಲೂಕಿನ ಊರು. ಅಲ್ಲಿನ ಜಪಮಾಲೆ ಮಾತೆಯ ಚರ್ಚಿಗೆ 2019ರಲ್ಲಿ ಬಸಿಲಿಕದ ಪದವಿ ಬಂತು. ಇವತ್ತು ಊರೂ ತಮಿಳು, ಪೂಜೆಯೂ ತಮಿಳು. ಆದರೆ ಆ ಚರ್ಚಿನ ಮೊದಲ ಶತಮಾನಗಳು ಮೈಸೂರಿನ ಚರಿತ್ರೆಯ ಪಾಲು. 17ನೇ ಶತಮಾನದಲ್ಲಿ ಮೈಸೂರಿನ ಒಡೆಯರು ಘಟ್ಟ ಇಳಿದು ಕೊಂಗುನಾಡನ್ನು ಒಂದೊಂದೇ ಕೋಟೆಯಾಗಿ ವಶಕ್ಕೆ ತೆಗೆದುಕೊಂಡರು. 1799ರಲ್ಲಿ ಟಿಪ್ಪು ಬಿದ್ದ ಮೇಲೆಯೇ ಅದು ಪೂರ್ತಿಯಾಗಿ ಕಂಪನಿಯ ಪಾಲಾದದ್ದು. ಜೆಸ್ವಿಟ್ ಪಾದ್ರಿಗಳ ಲೆಕ್ಕದಲ್ಲೂ ಶ್ರೀರಂಗಪಟ್ಟಣ, ಸತ್ಯಮಂಗಲ, ಕರುಮತ್ತಂಪಟ್ಟಿ ಮೂರೂ ಮೈಸೂರು ಮಿಷನ್ನಿಗೆ ಸೇರಿದ್ದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಇಂದಿಗೂ ಆ ಸೀಮೆಯಲ್ಲಿ ಇದ್ದಾರೆ. ಹೀಗಾಗಿ ಕ್ರೈಸ್ತ ಸಭೆ ಒಂದು ಕುಟುಂಬ ಎಂಬ ಮಾತು ನಮ್ಮ ನೆಲದಲ್ಲಿ ಎಷ್ಟು ನಿಜವಾಯಿತು, ಎಲ್ಲಿ ತಡೆಯಿತು ಎಂದು ನೋಡಹೊರಟವರು ಮಂಗಳೂರಿನಿಂದ ಶುರುಮಾಡುವ ರೂಢಿಯನ್ನು ಬಿಟ್ಟು ಇಲ್ಲಿಂದಲೇ ಹೊರಡಬಹುದು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಭಾರತದವರ ಬಂಧುಬಳಗದಲ್ಲಿ ಎರಡು ಬಗೆಯವರಿದ್ದಾರೆ. ಒಂದು, ಹುಟ್ಟಿನಿಂದ ಬಂದ ಅಣ್ಣತಮ್ಮಂದಿರು, ದಾಯಾದಿಗಳು. ಇನ್ನೊಂದು, ಹೆಣ್ಣು ಕೊಟ್ಟು ತಂದು ಆದ ಬೀಗರು, ನಂಟರು. ಅಣ್ಣತಮ್ಮಂದಿರ ಒಳಗೆ ಮದುವೆಯಿಲ್ಲ. ನಂಟರೊಡನೆ ಮದುವೆ ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುತ್ತದೆ. ಒಂದು ಮನೆ ಇನ್ನೊಂದು ಮನೆಯನ್ನು ತನ್ನದೆಂದು ಒಪ್ಪಿದೆಯೋ ಇಲ್ಲವೋ ಎಂಬುದಕ್ಕೆ ಈ ಸೀಮೆಯಲ್ಲಿ ಸಾಕ್ಷಿ ಬೀಗತನ. ಅಣ್ಣತಮ್ಮ ಎನ್ನುವುದಕ್ಕೆ ಅಷ್ಟು ಬೆಲೆ ತೆರಬೇಕಾಗಿಲ್ಲ. ಜಾತಿ ಬೇರೆಯಾದವರೂ ಒಂದೇ ಊರಿನಲ್ಲಿ ಅಣ್ಣ, ಅಕ್ಕ, ಮಾವ ಎಂದು ಕರೆದುಕೊಂಡೇ ಬದುಕುತ್ತಾರೆ; ಕರೆದದ್ದರಿಂದ ಯಾರ ಮನೆಯ ಅಡುಗೆಕೋಣೆಯ ಬಾಗಿಲೂ ತೆರೆದುಕೊಳ್ಳುವುದಿಲ್ಲ. ಕ್ರೈಸ್ತಧರ್ಮ ಇಲ್ಲಿಗೆ ತಂದದ್ದು ಸೋದರತ್ವದ ಮಾತು. ಆ ಮಾತನ್ನು ಜನ ಸುಲಭವಾಗಿ ಒಪ್ಪಿದರು, ಏಕೆಂದರೆ ಅದು ಅವರಿಂದ ಕೇಳಿದ್ದು ಕಡಿಮೆ. ನಂಟಸ್ತನವನ್ನು ಕೇಳಿದ ಜಾಗಗಳಲ್ಲಿ ಸಭೆ ಒಡೆಯಿತು, ಇಲ್ಲವೇ ಸಭೆಯೇ ನಿಜವಾದ ಬಂಧುಬಳಗವಾಯಿತು. ಎರಡನೆಯದು ಆದದ್ದು ಹೆಚ್ಚಾಗಿ ಬೇರೆ ಬಂಧುಗಳೇ ಉಳಿದಿರದ ಜನರ ನಡುವೆ.

ಮೂಲದಲ್ಲಿ ಈ ಮಾತು ಅಗ್ಗದ್ದಾಗಿರಲಿಲ್ಲ. ತಾಯಿಯೂ ತಮ್ಮಂದಿರೂ ಹೊರಗೆ ನಿಂತು ಹೇಳಿಕಳಿಸಿದಾಗ ಯೇಸು ತನ್ನ ಸುತ್ತ ಕುಳಿತವರನ್ನೇ ತಾಯಿ, ತಮ್ಮಂದಿರು ಎಂದು ತೋರಿಸಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ಓಡಿಹೋದ ಗುಲಾಮ ಒನೇಸಿಮನನ್ನು ಸೋದರನೆಂದು ಸ್ವೀಕರಿಸು ಎಂದು ಪೌಲನು ಅವನ ಯಜಮಾನ ಫಿಲೆಮೋನನಿಗೆ ಬರೆದ. 2ನೇ ಶತಮಾನದ ಗ್ರೀಕ್ ವಿಡಂಬನಕಾರ ಲೂಸಿಯನ್‌ಗೆ ಕ್ರೈಸ್ತರ ಈ ಸೋದರಿಕೆ ನಗೆಪಾಟಲಿನ ವಸ್ತು. ರೋಮನ್ನರ ಕುಟುಂಬದಲ್ಲಿ ತಂದೆಯದೇ ಆಳ್ವಿಕೆ. ಗುಲಾಮ ಅದರ ಸೊತ್ತು. ಅಂಥ ಕಡೆ ಗುಲಾಮನನ್ನು ತಮ್ಮ ಎಂದರೆ ಮನೆಯ ಲೆಕ್ಕವೇ ಬುಡಮೇಲಾಗುತ್ತದೆ. ಕೊಂಗುನಾಡಿನ ಊರಲ್ಲಿ ಅದೇ ಮಾತು ಬುಡಮೇಲು ಮಾಡುವಂಥದ್ದಲ್ಲ. ಇಲ್ಲಿನ ಲೆಕ್ಕ ಬೇರೆ ಕಡೆ ಇತ್ತು, ಪಂಕ್ತಿಯಲ್ಲಿ ಮತ್ತು ಮದುವೆಯ ಚಪ್ಪರದಲ್ಲಿ.

ಜೆಸ್ವಿಟರು ಇದನ್ನು ಬೇಗನೆ ಅರಿತರು. ಮದುರೈಯಲ್ಲಿ ರಾಬರ್ಟ್ ದೆ ನೊಬಿಲಿ 17ನೇ ಶತಮಾನದ ಆರಂಭದಲ್ಲೇ ಸಂನ್ಯಾಸಿಯ ಕಾಷಾಯ ಉಟ್ಟು, ಮಾಂಸ ಬಿಟ್ಟು, ಬ್ರಾಹ್ಮಣ ಅಡುಗೆಯವನನ್ನು ಇಟ್ಟುಕೊಂಡು ಹೊಸ ದಾರಿ ಹಾಕಿದ್ದ. 1640ರ ವೇಳೆಗೆ ಬಲ್ತಸಾರ್ ದ ಕೋಸ್ಟ ಇನ್ನೊಂದು ವೇಷ ತೊಟ್ಟ, ಪಂಡಾರ ಎಂಬ ಬ್ರಾಹ್ಮಣೇತರ ಶೈವ ಸಾಧುವಿನದು; ಬ್ರಾಹ್ಮಣರಲ್ಲದವರ ಬಳಿಗೆ ಹೋಗಲು ಅದು ಅನುಕೂಲ. 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ದೊ ಚಿನ್ನಾಮಿಯೂ ನೊಬಿಲಿಯ ದಾರಿ ಹಿಡಿದ. ಈ ಏರ್ಪಾಡಿನಲ್ಲಿ ಜಾತಿ ಲೋಕಾಚಾರ, ಜ್ಞಾನಸ್ನಾನ ದೇವರ ಕೆಲಸ. ಒಂದು ಇನ್ನೊಂದಕ್ಕೆ ಅಡ್ಡ ಬರಬೇಕಾಗಿಲ್ಲ. ಒಬ್ಬ ಮನುಷ್ಯ ಕ್ರೈಸ್ತನಾದರೆ ಅವನ ಹಿಂದೆ ದಾಯಾದಿಗಳೂ ಬೀಗರೂ ಬರುವಂತೆ ದಾರಿ ತೆರೆದಿಡುವುದೇ ಉದ್ದೇಶ. ಬಂದವರು ಬಂದದ್ದು ಕುಲಕುಲವಾಗಿ. ಆದ್ದರಿಂದ ಅವರಿಗೆ ಹೊಸ ಕುಟುಂಬದ ಅಗತ್ಯವೇ ಬೀಳಲಿಲ್ಲ. ಹಳೆಯದನ್ನೇ ಜೊತೆಗೆ ತಂದಿದ್ದರು. ಚರ್ಚು ಹಲವು ಕುಟುಂಬಗಳು ಒಂದೇ ದೇವರಿಗೆ ಕೈಮುಗಿಯುವ ಜಾಗವಾಯಿತು. ಪಂಡಾರಸ್ವಾಮಿ ಒಬ್ಬರಿಗೆ, ಸಂನ್ಯಾಸಿ ಇನ್ನೊಬ್ಬರಿಗೆ ಎಂದಾಗ ಪಾದ್ರಿಯೂ ಪಾದ್ರಿಯೂ ಬಹಿರಂಗವಾಗಿ ಒಟ್ಟಿಗೆ ಉಣ್ಣುವಂತಿರಲಿಲ್ಲ. ಒಂದೇ ಸಭೆಯ ವ್ರತ ತೊಟ್ಟ ಗುರುಗಳ ಸೋದರಿಕೆಯೇ ಹಾಗೆ ಮರೆಯಲ್ಲಿ ಉಳಿದಾಗ ಭಕ್ತರದ್ದು ಹೇಗಿರಬೇಕು?

ಈ ಪದ್ಧತಿಯನ್ನು ರೋಮ್ ಪ್ರಶ್ನಿಸಿದ್ದು ವಿಚಿತ್ರವಾದ ಒಂದು ಕಡೆಯಿಂದ, ರೋಗಿಯ ಹಾಸಿಗೆಯ ಬದಿಯಿಂದ. 1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ ತೂರ್ನೋನ್ ಹೊರಡಿಸಿದ ಆಜ್ಞೆಯಲ್ಲಿ ಹಲವು ಆಚಾರಗಳ ಮೇಲೆ ನಿಷೇಧವಿತ್ತು. ಅದರಲ್ಲಿ ಒಂದು ಷರತ್ತು, ಅಸ್ಪೃಶ್ಯರೆನಿಸಿದ್ದ ಪರಯ ಜಾತಿಯ ಕ್ರೈಸ್ತರಲ್ಲಿ ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದರೆ ಪಾದ್ರಿ ಅವರ ಗುಡಿಸಲಿನ ಒಳಗೇ ಹೋಗಿ ಸಂಸ್ಕಾರ ಕೊಡಬೇಕು. ಅಲ್ಲಿಯವರೆಗೆ ರೋಗಿಯನ್ನು ಹೊರಗೆ ಹೊತ್ತು ತರಬೇಕಾಗಿತ್ತು. ಗುಡಿಸಲು ಹೊಕ್ಕ ಪಾದ್ರಿಯನ್ನು ಮೇಲಿನವರು ಮನೆಗೆ ಸೇರಿಸುತ್ತಿರಲಿಲ್ಲ. ನಲವತ್ತು ವರ್ಷ ನಡೆದ ಜಗಳವನ್ನು 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಮುಗಿಸಿದರು. ಆಜ್ಞೆ ಉಳಿಯಿತು, ಜೊತೆಗೆ ಪರಯರಿಗಾಗಿಯೇ ಬೇರೆ ಪಾದ್ರಿಗಳನ್ನು ನೇಮಿಸುವ ಜೆಸ್ವಿಟರ ಸಲಹೆಯೂ ಒಪ್ಪಿಗೆ ಪಡೆಯಿತು. ಇದನ್ನು ಜಾಣ ರಾಜಿ ಎಂದು ಹೊಗಳಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸಾಯುವವನ ಬಳಿ ಕೂರುವುದು ಮನೆಯವರು ಮಾಡುವ ಕೆಲಸಗಳಲ್ಲೆಲ್ಲ ಮೊದಲನೆಯದು. ಅದನ್ನು ಕಡ್ಡಾಯ ಮಾಡಿ, ಅದಕ್ಕಾಗಿ ಪ್ರತ್ಯೇಕ ಜನರನ್ನು ಗೊತ್ತುಮಾಡಿದಾಗ ಆಜ್ಞೆಯ ಅಕ್ಷರ ಉಳಿದು ಜೀವ ಹೋಯಿತು.

ಕರುಮತ್ತಂಪಟ್ಟಿ ಈ ಗೊಂದಲದ ಕೊನೆಯ ಅಂಕಕ್ಕೂ ಸಾಕ್ಷಿ. 1842ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಮರಿಯೋನ್ ದ ಬ್ರೆಸಿಯಾಕ್ 1846ರಲ್ಲಿ ಬಿಷಪ್ ಆಗಿ, ಹೊಸದಾಗಿ ಬೇರ್ಪಟ್ಟ ಕೊಯಮತ್ತೂರು ಪ್ರಾಂತವನ್ನು ವಹಿಸಿಕೊಂಡ. ಅವನ ಮೊದಲ ನೆಲೆ ಕರುಮತ್ತಂಪಟ್ಟಿ. ಸ್ಥಳೀಯರನ್ನೇ ಗುರುಗಳನ್ನಾಗಿ ಮಾಡಬೇಕೆಂಬುದು ಅವನ ಹಂಬಲ. ಆದರೆ ಜಾತಿಯ ಆಚಾರಗಳಲ್ಲಿ ಎಷ್ಟನ್ನು ಸಹಿಸಬಹುದು, ಎಷ್ಟು ಪಾಪ ಎಂಬುದು ಅವನಿಗೆ ಬಗೆಹರಿಯಲೇ ಇಲ್ಲ. ರೋಮ್ ನಿಷೇಧಿಸಿದ್ದ, ಮಲಬಾರ್ ಆಚಾರಗಳೆಂದು ಹೆಸರಾದ ಈ ಪದ್ಧತಿಗಳನ್ನು ನಡೆಸಗೊಡುವುದಿಲ್ಲ ಎಂದು ಪ್ರತಿ ಪಾದ್ರಿಯೂ ಪ್ರಮಾಣ ಮಾಡಬೇಕಿತ್ತು. ಪ್ರಮಾಣ ಮಾಡಿಸಿ ಆಚರಣೆಯನ್ನು ಕಂಡೂ ಕಾಣದಂತಿರುವುದು ಅವನ ಮನಸ್ಸಾಕ್ಷಿಗೆ ಒಗ್ಗಲಿಲ್ಲ. 1855ರಲ್ಲಿ ಅವನ ರಾಜೀನಾಮೆ ಅಂಗೀಕಾರವಾಯಿತು. ಮರುವರ್ಷ ಲಿಯೊನ್ ನಗರದಲ್ಲಿ ಆಫ್ರಿಕಾ ಮಿಷನ್ ಸಂಘ ಕಟ್ಟಿ, 1859ರಲ್ಲಿ ಫ್ರೀಟೌನಿನಲ್ಲಿ ಜ್ವರದಿಂದ ಸತ್ತ. ಅವನಿಗಿಂತ ಮೊದಲು ಕೊಂಗುನಾಡಿನಲ್ಲೂ ಮೈಸೂರಿನಲ್ಲೂ ಮೂರು ದಶಕ ಕಳೆದಿದ್ದ ಅಬ್ಬೆ ದುಬೋಯಿ ಇನ್ನೂ ಕಠೋರವಾದ ತೀರ್ಮಾನಕ್ಕೆ ಬಂದಿದ್ದ. 1823ರಲ್ಲಿ ಪ್ರಕಟವಾದ ಅವನ ಪತ್ರಗಳ ಸಾರ, ಜಾತಿ ಇರುವವರೆಗೆ ಇಲ್ಲಿ ಮತಾಂತರದ ಮಾತೇ ವ್ಯರ್ಥ ಎಂಬುದು. ಅದೇ ದುಬೋಯಿ ಹಾಸನದ ಸತ್ತಿಹಳ್ಳಿಯಲ್ಲಿ, ಟಿಪ್ಪುವಿನ ಕಾಲದಲ್ಲಿ ಚೆದುರಿದ್ದ ಕ್ರೈಸ್ತರಿಗೆ ಭೂಮಿ ಕೊಡಿಸಿ ಒಕ್ಕಲು ಕಟ್ಟಿದವನು, ಸಿಡುಬಿನ ಲಸಿಕೆ ಹಾಕಿಸಿದವನು. ಬರಹದಲ್ಲಿ ಕೈಬಿಟ್ಟದ್ದನ್ನು ಕೆಲಸದಲ್ಲಿ ಹಿಡಿದಿದ್ದ.

ಪ್ರೊಟೆಸ್ಟೆಂಟರು ಪರೀಕ್ಷೆಯನ್ನು ಊಟದ ಎಲೆಗೆ ತಂದರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನು ಚರ್ಚಿನಲ್ಲಿ ಪೂರ್ತಿ ಬಿಡಬೇಕೆಂದು ಸುತ್ತೋಲೆ ಹೊರಡಿಸಿದರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಯಿತು. ಪರಯರು ಮಾಡಿದ ಅಡುಗೆಯನ್ನು ಉಂಡು ಜಾತಿ ಮುರಿಯದವರಿಗೆ ದೀಕ್ಷಾಸ್ನಾನ ಬೇಡವೆಂದಿತು. ಕೊಯಮತ್ತೂರಿನಲ್ಲಿ 1830ರಿಂದ ನೆಲೆಯೂರಿದ್ದ ಲಂಡನ್ ಮಿಷನ್ನಿನದೂ ಜಾತಿಯ ವಿಷಯದಲ್ಲಿ ಇದೇ ಕಟ್ಟುನಿಟ್ಟು. ಲೈಪ್‌ಜಿಗ್‌ನ ಲೂಥರನ್ನರು ಮಾತ್ರ ಒಪ್ಪಲಿಲ್ಲ. ಇಂಥ ಕಟ್ಟುನಿಟ್ಟಿಗೆ ಬಂದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ವಿಲ್ಸನ್ನರ ಸುತ್ತೋಲೆಗೂ ಮೊದಲೇ ಬಂದಿತ್ತು, ತಂಜಾವೂರಿನ ಕವಿ ವೇದನಾಯಕಂ ಶಾಸ್ತ್ರಿಯದು. ಹಳೆಯ ಪಾದ್ರಿಗಳು ನಮ್ಮನ್ನು ನಮ್ಮ ಆಚಾರದ ಸಮೇತ ಪ್ರೀತಿಸಿದರು, ಹೊಸಬರು ಪ್ರೀತಿಯ ಹೆಸರಿನಲ್ಲಿ ಹಿಂಸಿಸುತ್ತಿದ್ದಾರೆ ಎಂಬುದು 1820ರ ದಶಕದ ಅವನ ಬರಹಗಳ ತಿರುಳು. ಒಟ್ಟಿಗೆ ಉಣ್ಣುವುದು ಲೋಕದ ವ್ಯವಹಾರ, ಅದರಿಂದ ಆತ್ಮದ ಸೋದರಿಕೆಯನ್ನು ಅಳೆಯಲಾಗದು. ಜಾತಿಯವನ ಸಮರ್ಥನೆ ಎಂದು ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಒಮ್ಮೆ ಎಲ್ಲರ ಎದುರು ತುತ್ತು ನುಂಗುವುದು ಕುಟುಂಬವಾಗುವುದಲ್ಲ. ಅದು ಪರೀಕ್ಷೆಗೆ ಕೂರುವುದು. ಮನೆಯವರು ಒಬ್ಬರೊಬ್ಬರ ಪರೀಕ್ಷೆ ಮಾಡಿ ಊಟ ಹಾಕುವುದಿಲ್ಲ. ಇನ್ನರ್ಧ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಆಚಾರದ ಸಮೇತ ಪ್ರೀತಿಸಿ ಎಂದು ಕೇಳಿದವನಿಗೆ ಪಕ್ಕದ ಸಾಲಿನಲ್ಲಿ ಕುಳಿತ ಪರಯನ ಆಚಾರವೇನು, ಅವನಿಗೆ ಬೇಕಾದ ಪ್ರೀತಿ ಯಾವುದು ಎಂದು ಕೇಳಬೇಕೆನಿಸಲಿಲ್ಲ.

ಊಟಕ್ಕಿಂತ ಮದುವೆ ದೊಡ್ಡ ಗಡಿ ಎಂಬುದನ್ನು ಕನ್ನಡಿಗರಿಗೆ ಪಾದ್ರಿಗಳ ದಾಖಲೆ ತೆರೆದು ತೋರಿಸಬೇಕಾಗಿಲ್ಲ. ಕಲ್ಯಾಣದ ಶರಣರು ಒಟ್ಟಿಗೆ ಉಂಡರು, ಒಟ್ಟಿಗೆ ಕುಳಿತು ಅನುಭಾವ ಆಡಿದರು. ಬಸವಣ್ಣ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತನ್ನ ಹಿರಿಯರೆಂದೇ ಹಾಡಿಕೊಂಡ. ಅಷ್ಟರವರೆಗೆ ಬಿಜ್ಜಳನ ಆಸ್ಥಾನ ಗೊಣಗಿಕೊಂಡಾದರೂ ಸಹಿಸಿತು. ಸಂಪ್ರದಾಯ ಹೇಳುವಂತೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಲಾಯಿತು. ಅಪ್ಪ ಎಂದು ಕರೆದದ್ದಕ್ಕೆ ಯಾರೂ ಸಾಯಲಿಲ್ಲ, ಬೀಗರಾದದ್ದಕ್ಕೆ ಸತ್ತರು.

ಕ್ಯಾಥೊಲಿಕ್ ಚರ್ಚಿನ ಮದುವೆಯ ಕಾನೂನು ಈ ವಿಷಯವನ್ನು ಇನ್ನಷ್ಟು ಜಟಿಲ ಮಾಡಿತು. ಮಗುವಿಗೆ ಜ್ಞಾನಸ್ನಾನ ಕೊಡಿಸುವಾಗ ಹೊಣೆ ನಿಲ್ಲುವ ಧರ್ಮತಂದೆ, ಧರ್ಮತಾಯಿಯರನ್ನು ಚರ್ಚು ನಿಜವಾದ ಬಂಧುಗಳೆಂದೇ ಎಣಿಸಿತ್ತು. ಎಷ್ಟರಮಟ್ಟಿಗೆ ಎಂದರೆ ಅವರಿಗೂ ಆ ಮಗುವಿಗೂ ನಡುವೆ ಮದುವೆ ನಿಷಿದ್ಧ. ಹಬ್ಬಿಹೋಗಿದ್ದ ಈ ನಿಷೇಧವನ್ನು 1563ರಲ್ಲಿ ಟ್ರೆಂಟ್ ಮಹಾಸಭೆ ಕಿರಿದುಗೊಳಿಸಿತು. 1983ರ ಧರ್ಮಸಂಹಿತೆಯಲ್ಲಿ ಅದು ಪೂರ್ತಿ ಹೋಯಿತು. ನಾಲ್ಕು ಶತಮಾನ ಕಾಲ ಚರ್ಚು ಧರ್ಮದ ಬಂಧುತ್ವವನ್ನು ರಕ್ತದ ಬಂಧುತ್ವದ ಅಳತೆಗೋಲಿನಿಂದಲೇ ಅಳೆದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದೇ ಸಂಹಿತೆಗಳು ಅತ್ತೆಯ ಮಗ, ಮಾವನ ಮಗಳ ಮದುವೆಯನ್ನೂ ಸೋದರಮಾವನ ಮದುವೆಯನ್ನೂ ತಡೆದವು. ಆಂಗ್ಲಿಕನ್ನರಲ್ಲಿ ಅತ್ತೆಮಗಳು ಆಗಬಹುದು, ಅಕ್ಕನ ಮಗಳು ಆಗದು. ಕೊಂಗುನಾಡಿನಲ್ಲಾಗಲಿ ಹಳೆ ಮೈಸೂರಿನಲ್ಲಾಗಲಿ ಹಕ್ಕಿನ ಸಂಬಂಧ ಎನ್ನುವುದು ಇವನ್ನೇ. ಹೀಗೆ ಹೊಸ ಧರ್ಮ ಎರಡು ಬೇಡಿಕೆ ಇಟ್ಟಂತಾಯಿತು. ನಿನ್ನ ಹಕ್ಕಿನ ನಂಟರನ್ನು ಬಿಡು. ಹಕ್ಕಿಲ್ಲದ ಕಡೆಯಿಂದ ಹೆಣ್ಣು ತಾ. ಮೊದಲನೆಯದಕ್ಕೆ ವಿನಾಯಿತಿ ಸಿಗುತ್ತಿತ್ತು, ಬಿಷಪ್ಪರಿಗೆ ಅರ್ಜಿ ಹಾಕಿದರೆ ಸಾಕು. ಎರಡನೆಯದನ್ನು ಯಾವ ಕ್ಯಾಥೊಲಿಕ್ ಪಾದ್ರಿಯೂ ಒತ್ತಾಯಿಸಲಿಲ್ಲ. ಪರಿಣಾಮವಾಗಿ ಕುಲದೊಳಗಿನ ಮದುವೆ ವಿನಾಯಿತಿ ಪತ್ರದೊಂದಿಗೆ ಚರ್ಚಿನೊಳಗೆ ಬಂದು ಕೂತಿತು.

ಹಾಗಾದರೆ ಸಭೆ ಕುಟುಂಬವಾದದ್ದು ಎಲ್ಲಿ? ಮಂಗಳೂರಿನ ಕಡೆ ನೋಡಬೇಕು. ಬಾಸೆಲ್ ಮಿಷನ್ನಿನ ಮೊದಲ ಮೂವರು 1834ರಲ್ಲಿ ಅಲ್ಲಿ ಇಳಿದರು. ಅವರ ಬಳಿಗೆ ಬಂದವರು ಕುಲಕುಲವಾಗಿ ಬಂದವರಲ್ಲ, ಒಬ್ಬೊಬ್ಬರಾಗಿ ಮನೆಯಿಂದ ಕಿತ್ತು ಬಂದವರು. ಬಿಲ್ಲವನಾದರೆ ಕಳ್ಳು ಇಳಿಸುವುದನ್ನು ಬಿಡಬೇಕು, ಅಲ್ಲಿಗೆ ಜೀವನೋಪಾಯ ಹೋಯಿತು. ಗೇಣಿ ಜಮೀನು ಧಣಿಯ ಕೈಯಲ್ಲಿ, ಅದೂ ಹೋಗಬಹುದು. ಮನೆಯವರ ಪಾಲಿಗೆ ಅವನು ಸತ್ತವನೇ. ಕೆಲಸ, ಬಿಡಾರ, ಮದುವೆ, ಗೋರಿ ಇವೆಲ್ಲವನ್ನೂ ಸಭೆ ಒದಗಿಸದೆ ಬೇರೆ ಗತಿ ಇರಲಿಲ್ಲ. ನೇಯ್ಗೆ, 1841ರಿಂದ ಅಚ್ಚುಕೂಟ, 1865ರಿಂದ ಹೆಂಚಿನ ಕಾರ್ಖಾನೆ ಬಂದದ್ದು ಈ ಒತ್ತಡದಿಂದ. 1844ರಲ್ಲಿ ಕ್ರೈಸ್ತನಾದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದ. 1860ರಲ್ಲಿ ಜರ್ಮನ್ ಹುಡುಗಿ ಮರೀ ರೈನ್‌ಹಾರ್ಟಳನ್ನು ಮದುವೆಯಾದ. ಕೊಡಗಿನಲ್ಲಿ ಅವನು ನಿಂತು ಕಟ್ಟಿದ ಆನಂದಪುರದಲ್ಲಿ ನೆಲೆಸಿದ್ದು ಹೊಲೆಯ ಸಮುದಾಯದಿಂದ ಬಂದ ಕ್ರೈಸ್ತರು. ಇಲ್ಲಿ ಒಂದು ತಮಾಷೆಯ ಸಂಗತಿಯೂ ಇದೆ. ಬಾಸೆಲ್ ಪಾದ್ರಿಗಳ ಮದುವೆಯೂ ಅವರ ಕೈಯಲ್ಲಿರಲಿಲ್ಲ. ಕೆಲವು ವರ್ಷ ಸೇವೆ ಮುಗಿಸಿ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿ ಒಪ್ಪಿದರೆ ವಧು ಹಡಗು ಹತ್ತಿ ಬರುತ್ತಿದ್ದಳು, ಎಷ್ಟೋ ಸಲ ವರನ ಮುಖವನ್ನೇ ಕಾಣದೆ. ಹಿರಿಯರು ನೋಡಿ ಒಪ್ಪಿಸಿದ ಮದುವೆ ಎಂದರೆ ಏನೆಂದು ಆ ಪಾದ್ರಿಗಳಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಸಭೆಯ ಹುಡುಗ ಹುಡುಗಿಯರ ಜೋಡಿ ಕೂಡಿಸಲು ಅವರು ಹಿಂಜರಿಯದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಎರಡು ಮೂರು ತಲೆಮಾರಿನಲ್ಲಿ ಮಂಗಳೂರಿನ ಪ್ರೊಟೆಸ್ಟೆಂಟ್ ಮನೆಗಳು ಒಂದಕ್ಕೊಂದು ಬೀಗರಾಗಿ ಹೆಣೆದುಕೊಂಡವು.

ಬರಗಾಲ ಮಾಡಿದ್ದು ಇನ್ನೂ ಆಳವಾದ ಕೆಲಸ. 1876ರಿಂದ 1878ರ ಕ್ಷಾಮ ಮೈಸೂರು, ಬಳ್ಳಾರಿ, ಸೇಲಂ, ಕೊಯಮತ್ತೂರುಗಳನ್ನು ಒಟ್ಟಿಗೆ ಬಡಿಯಿತು. ದಾರಿಯಲ್ಲಿ ಬಿದ್ದ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಷನ್ನುಗಳು ಮುಖ್ಯ. ಕೋಲಾರದಲ್ಲಿ ಮಿಸ್ ಆನ್ಸ್ಟಿ ಅನಾಥಾಲಯ ತೆರೆದಳು. 1890ರಲ್ಲಿ ಅದು ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಕ್ಯಾಥೊಲಿಕರು ನೆಲಮಂಗಲದ ಬಳಿ ಸಿಲುವೆಪುರವನ್ನೂ ಕನಕಪುರದ ಸೀಮೆಯಲ್ಲಿ ಮರಿಯಾಪುರವನ್ನೂ ಬರಗಾಲದ ಅನಾಥರಿಗಾಗಿ ಒಕ್ಕಲು ಊರುಗಳಾಗಿ ಬೆಳೆಸಿದರು. ಈ ಮಕ್ಕಳಿಗೆ ದಾಯಾದಿ ಇಲ್ಲ, ಸೋದರಮಾವ ಇಲ್ಲ, ಕುಲದ ನೆನಪೂ ಹಲವರಿಗೆ ಇಲ್ಲ. ಬೆಳೆದ ಮೇಲೆ ಒಬ್ಬರನ್ನೊಬ್ಬರು ಮದುವೆಯಾದರು. ಹೊಲ, ಎತ್ತು, ಮನೆ ಕೊಟ್ಟದ್ದು ಚರ್ಚು. ಅವರ ಮಕ್ಕಳಿಗೆ ಅಜ್ಜ ಅಜ್ಜಿ ಎಂದು ತೋರಿಸಲು ಇದ್ದದ್ದು ಚರ್ಚಿನ ಪುಸ್ತಕದ ಹೆಸರುಗಳಷ್ಟೆ. ಕರುಮತ್ತಂಪಟ್ಟಿಯ ಎರಡು ಶತಮಾನದ ಬೋಧನೆ ಮಾಡಲಾಗದ್ದನ್ನು ಇಲ್ಲಿ ಎರಡು ವರ್ಷ ಮಳೆ ಕೈಕೊಟ್ಟದ್ದು ಮಾಡಿತು. ಕಹಿಯಾದ ತೀರ್ಮಾನ, ಆದರೆ ದಾಖಲೆ ತೋರಿಸುವುದು ಅದನ್ನೇ.

ಇದರ ವಿರುದ್ಧ ಗಂಭೀರವಾದ ಮಾತೊಂದಿದೆ. ಅದು ಕುಟುಂಬವಲ್ಲ, ಧಣಿಯ ಮನೆ. ಸಂಬಳ ಕೊಡುವವನೂ ಸಂಸ್ಕಾರ ಕೊಡುವವನೂ ಒಬ್ಬನೇ ಆದರೆ ಅಣ್ಣತಮ್ಮಂದಿರಿಗೆ ಜಾಗವೆಲ್ಲಿ, ಅಲ್ಲಿರುವುದು ಅಪ್ಪ ಮತ್ತು ಮಕ್ಕಳು ಮಾತ್ರ. ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. 1910ರಲ್ಲಿ ಎಡಿನ್‌ಬರೋದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ತಿರುನೆಲ್ವೇಲಿ ಸೀಮೆಯ ವಿ. ಎಸ್. ಅಜರಾಯ ಎದ್ದು ನಿಂತು ಹೇಳಿದ್ದೂ ಇದೇ. ನೀವು ತ್ಯಾಗ ಮಾಡಿದ್ದೀರಿ, ದಾನ ಕೊಟ್ಟಿದ್ದೀರಿ, ಆದರೆ ನಮಗೆ ಬೇಕಿರುವುದು ಗೆಳೆತನ ಎಂಬುದು ಅವನ ಮಾತಿನ ಅಭಿಪ್ರಾಯ. ಎರಡು ವರ್ಷದ ನಂತರ ಅವನೇ ಆಂಗ್ಲಿಕನ್ ಚರ್ಚಿನ ಮೊದಲ ಭಾರತೀಯ ಬಿಷಪ್ ಆದ. ಮಿಷನ್ ಬಂಗಲೆಯ ಜಗಲಿಯವರೆಗೆ ಬಂದು ನಿಂತ ಭಾರತೀಯ ಕ್ರೈಸ್ತನಿಗೆ ಒಳಗಿನ ಮೇಜಿನಲ್ಲಿ ಕುರ್ಚಿ ಇರಲಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವ ಬದಲು ಅದಕ್ಕೆ ಕಂಬ ಕೊಡುತ್ತದೆ. ಪಾದ್ರಿ ಕೆಲಸಗಾರನಿಗೆ ಅಪ್ಪನಾದ, ಬೀಗನಾಗಲಿಲ್ಲ. ಕೌಂಡಿನ್ಯನ ಮದುವೆ ಅಪವಾದವಾಗಿಯೇ ಉಳಿಯಿತು. ಕೆಲಸಗಾರರು ಮಾತ್ರ ತಮ್ಮತಮ್ಮಲ್ಲಿ ಬೀಗರಾದರು, ಮತ್ತು ಮಿಷನ್ ಹೊರಟುಹೋದ ಮೇಲೂ ಉಳಿದದ್ದು ಆ ಬೀಗತನ. ಅಪ್ಪ ಊರಿಗೆ ಮರಳಿದರೂ ನಂಟರು ಇಲ್ಲೇ ಇದ್ದರು.

ನ್ಯಾಯಾಲಯಗಳಿಗೂ ಕ್ರೈಸ್ತರ ಕುಟುಂಬ ಯಾವುದು ಎಂಬುದು ತಲೆನೋವಾಗಿತ್ತು. 1850ರ 21ನೇ ಕಾಯ್ದೆಯ ಪ್ರಕಾರ ಮತ ಬದಲಿಸಿದವನ ಪಿತ್ರಾರ್ಜಿತ ಹಕ್ಕು ಹೋಗದು. ಕಂಪನಿಯ ಆಡಳಿತದ ಕೊಯಮತ್ತೂರಿಗೆ ಅದು ಅನ್ವಯಿಸಿತು, ಮೈಸೂರು ಸಂಸ್ಥಾನದಲ್ಲಿ 19ನೇ ಶತಮಾನದ ಕೊನೆಯವರೆಗೂ ಅಂಥ ರಕ್ಷಣೆ ಇರಲಿಲ್ಲ. 1866ರ ಇನ್ನೊಂದು ಕಾಯ್ದೆ, ಕ್ರೈಸ್ತನಾದವನ ಜೊತೆ ಬಾಳಲೊಪ್ಪದ ಸಂಗಾತಿಯಿಂದ ಬಿಡುಗಡೆ ಪಡೆಯುವ ದಾರಿ ಮಾಡಿತು. ಎಲ್ಲಕ್ಕಿಂತ ಕುತೂಹಲದ ಮೊಕದ್ದಮೆ ಬಳ್ಳಾರಿಯದು. ಮ್ಯಾಥ್ಯೂ ಅಬ್ರಹಾಂ ಪರಯ ಮೂಲದ ಕ್ರೈಸ್ತ. ಸಾರಾಯಿ ಭಟ್ಟಿಯ ವ್ಯಾಪಾರದಲ್ಲಿ ಸಿರಿವಂತನಾದವನು. ಮದುವೆಯಾದದ್ದು ಯುರೇಷಿಯನ್ ಮನೆತನದ ಷಾರ್ಲಟ್ ಫಾಕ್ಸಳನ್ನು. 1842ರಲ್ಲಿ ಅವನು ತೀರಿಕೊಂಡ ಮೇಲೆ ಆಸ್ತಿಗಾಗಿ ವಿಧವೆಗೂ ತಮ್ಮ ಫ್ರಾನ್ಸಿಸ್‌ಗೂ ವ್ಯಾಜ್ಯ ಹುಟ್ಟಿತು. ನಾವು ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು ಎಂದು ತಮ್ಮನ ವಾದ. ನಾವು ಬೇರೆಯೇ ಬಗೆಯ ಕುಟುಂಬ ಎಂದು ವಿಧವೆಯ ವಾದ. 1863ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದರ ತಾತ್ಪರ್ಯ, ಮತ ಬದಲಿಸಿದವನು ಹಳೆಯ ಆಚಾರದಲ್ಲಿ ಮುಂದುವರಿಯಬಹುದು ಇಲ್ಲವೇ ಬಿಡಬಹುದು, ಅವನು ಹೇಗೆ ಬಾಳಿದ ಎಂಬುದೇ ನಿರ್ಣಾಯಕ. ಹಿಂದೂ ಅವಿಭಕ್ತ ಕುಟುಂಬದ ನಿಯಮ ಇಂಥವರಿಗೆ ತಾನಾಗಿ ಹತ್ತದು. ಇಲ್ಲಿ ಗಮನಿಸಬೇಕಾದದ್ದು, ಒಡಹುಟ್ಟಿದ ಕ್ರೈಸ್ತ ಸೋದರರ ನಡುವಿನ ಪ್ರಶ್ನೆಯನ್ನು ಕೋರ್ಟು ಬಿಡಿಸಹೊರಟಾಗ ತೂಕಕ್ಕೆ ಬಂದದ್ದು ಅಣ್ಣ ಯಾರನ್ನು ಮದುವೆಯಾಗಿ ಯಾರಂತೆ ಬಾಳಿದ ಎಂಬ ಸಂಗತಿ. ಬಳ್ಳಾರಿಯ ಆ ಮನೆಯ ಗುರುತನ್ನು ಬದಲಿಸಿದ್ದು ಒಂದು ನಂಟಸ್ತನ.

ಕುಟುಂಬ ಎಂದರೆ ಮದುವೆ ಮಾತ್ರವೇ, ಸತ್ತಾಗ ಹೆಗಲು ಕೊಟ್ಟವರು, ಕಾಯಿಲೆಯಲ್ಲಿ ಗಂಜಿ ತಂದವರು, ಫೀಸು ಕಟ್ಟಿದವರು ಲೆಕ್ಕಕ್ಕಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕಕ್ಕೆ ಇದ್ದಾರೆ. ದಕ್ಷಿಣದ ಸಭೆಗಳ ದಿನನಿತ್ಯದ ಬಾಳಿನಲ್ಲಿ ಇವೇ ಹೆಚ್ಚು, ಮತ್ತು ಊರು ಬಿಟ್ಟು ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಸೂಲೂರಿನ ಗಿರಣಿಗೋ ಬಂದು ಬಾಡಿಗೆ ಕೋಣೆಯಲ್ಲಿರುವವರಿಗೆ ಭಾನುವಾರದ ಸಭೆಯವರೇ ಮೊದಲ ಆಸರೆ. ಆದರೆ ಹೆಗಲು ಕೊಡುವುದೂ ಗಡಿ ನೋಡಿಯೇ ನಡೆದ ಕಾಲವನ್ನು ಮರೆಯಲಾಗದು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಲಂನಲ್ಲಿ 1872ರಲ್ಲಿ ಕಟ್ಟಿದ ಚರ್ಚಿಗೆ ಷರಾಯಿಯ ಕಾಲುಗಳಂತೆ ಎರಡು ಅಂಗ. ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ನಡುವೆ ಒಂದೇ ಬಲಿಪೀಠ. 1910ರಲ್ಲಿ ಪಾದ್ರಿಗಳು ನಡುವಿನ ಗೋಡೆ ಕೆಡವಿದಾಗ ವೆಳ್ಳಾಳರು ಕೋರ್ಟಿಗೆ ಹೋದರು, ಮದರಾಸಿನ ಹೈಕೋರ್ಟಿನಲ್ಲಿ ಸೋತರು. ತಿರುಚಿಯ ಕ್ಯಾಥೊಲಿಕ್ ಸ್ಮಶಾನದ ಒಳಗಿನ ಗೋಡೆ ಅದಕ್ಕಿಂತ ಹೆಚ್ಚು ಕಾಲ ಬಾಳಿತು. ಗೋಡೆ ಕೆಡವಬಹುದು, ತೀರ್ಪು ಕೊಡಬಹುದು, ಬೆಂಚು ಒಂದೇ ಸಾಲಿಗೆ ತರಬಹುದು. ಇವೆಲ್ಲ ಅಧಿಕಾರದಿಂದ ಆಗುವ ಕೆಲಸ. ಹೆಣ್ಣು ಕೊಡಿ ಎಂದು ಯಾವ ಬಿಷಪ್ಪೂ ಆಜ್ಞೆ ಮಾಡಲಾರ. ಹಾಗಾಗಿಯೇ ಅದು ಪರೀಕ್ಷೆ.

1950ರ ರಾಷ್ಟ್ರಪತಿಯವರ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಕ್ರೈಸ್ತರನ್ನು ಹೊರಗಿಟ್ಟಿತು. ಚರ್ಚಿನೊಳಗೆ ಜಾತಿ ಕರಗಿಹೋಗಿದೆ ಎಂಬ ಊಹೆ ಅದರ ಹಿಂದಿದೆ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಕರಗಿಲ್ಲ ಎಂದು ತಾನೇ ಒಪ್ಪಿಕೊಂಡಿತು. ಸರ್ಕಾರದ ಊಹೆಗೂ ಬಿಷಪ್ಪರ ಒಪ್ಪಿಗೆಗೂ ನಡುವೆ ನಿಂತು ತೂಗುವವರು ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮದುವೆಗೆ ಮುಂಚೆ ಚರ್ಚಿನಲ್ಲಿ ವಧೂವರರ ಹೆಸರನ್ನು ಮೂರು ಭಾನುವಾರ ಕೂಗಿ, ಆಕ್ಷೇಪ ಇದ್ದವರು ತಿಳಿಸಿ ಎಂದು ಇಡೀ ಸಭೆಯನ್ನು ಕೇಳುವ ಪದ್ಧತಿ ಹಳೆಯದು. ಮನೆಯ ಹಿರಿಯರನ್ನು ಕೇಳುವ ಹಾಗೆಯೇ ಅದು. ಇನ್ನೊಂದು, ಅದೇ ಚರ್ಚುಗಳ ಜನ ಪತ್ರಿಕೆಗಳಲ್ಲಿ ಕೊಡುವ ವಧೂವರರ ಜಾಹೀರಾತು. ಅಲ್ಲಿ ಪಂಗಡದ ಹೆಸರಿನ ಬೆನ್ನಿಗೇ ಜಾತಿಯ ಹೆಸರು ಬರುತ್ತದೆ, ಆರ್‌ಸಿ ವನ್ನಿಯರ್, ಆರ್‌ಸಿ ಆದಿದ್ರಾವಿಡ, ಸಿಎಸ್‌ಐ ನಾಡಾರ್. ಜಾತಿಯ ಅಡ್ಡಿಯಿಲ್ಲ ಎಂದು ಬರೆದವರೂ ಅಲ್ಲಲ್ಲಿ ಸಿಗುತ್ತಾರೆ.